ಉದಕಮಂಡಲಕ್ಕೆ ಒಂದು ತೋಳಿನ ಸ್ವೆಟರು

ಮೈಸೂರಿನವರಿಗೆ ಉದಕಮಂಡಲವು ದೂರದ ಊರಲ್ಲ. ಬೆಳಗಿನ ಬಸ್ಸು ಹತ್ತಿದವರು ಮಧ್ಯಾಹ್ನದ ಊಟದ ವೇಳೆಗೆ ಅಲ್ಲಿರಬಹುದು. ಆದರೂ ಮದುವೆಯಾದ ಹೊಸದರಲ್ಲಿ ಒಮ್ಮೆ ಹೋಗಿ ಬಂದುದನ್ನು ಬಿಟ್ಟರೆ ನಾವು ಆ ಕಡೆಗೆ ತಲೆಹಾಕಿದವರಲ್ಲ. 2022ನೆಯ ಇಸವಿಯ ನವೆಂಬರಿನಲ್ಲಿ ಎರಡನೆಯ ಸಲ ಹೊರಟದ್ದು ವಿನೋದಕ್ಕಾಗಿ ಅಲ್ಲ, ಕೆಲಸ ಹುಡುಕಿಕೊಂಡು. ಕೈಚೀಲದಲ್ಲಿ ಪ್ರಮಾಣಪತ್ರಗಳ ಕಟ್ಟಿನ ಜೊತೆಗೆ ಇನ್ನೂ ಮುಗಿಯದ ಸ್ವೆಟರೊಂದಿದ್ದಿತು. ಅದರ ಪೂರ್ವಕಥೆಯನ್ನು ಮೊದಲು ಹೇಳಬೇಕು.

ಹನ್ನೊಂದು ವರ್ಷ ನಾವು ಉಪಾಧ್ಯಾಯಿನಿಯಾಗಿದ್ದ ಸಣ್ಣ ಶಾಲೆಯು ಮಹಾಮಾರಿಯ ಎರಡನೆಯ ವರ್ಷವಾದ 2021ರಲ್ಲಿ ಮುಚ್ಚಿಹೋಯಿತು. ಯಜಮಾನರ ಅಚ್ಚುಕೂಟಕ್ಕೆ ಮದುವೆಯ ಕರೆಯೋಲೆಗಳು ಬರುವುದೂ ಕಡಿಮೆಯಾಗಿದ್ದ ಕಾಲವದು. ಅಂದಿನಿಂದ ನಾವು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಕೆಲವರು ನಲವತ್ತಾರೆಂಬ ವಯಸ್ಸನ್ನು ಕೇಳಿ ಸುಮ್ಮನಾದರು. ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಂದು ಕಡೆ ಅರ್ಧ ದಿನ ಬೆಂಚಿನ ಮೇಲೆ ಕೂರಿಸಿ, ಆ ಸ್ಥಾನವು ಹಿಂದಿನ ವಾರವೇ ಭರ್ತಿಯಾಯಿತೆಂದು ಹೇಳಿ ಕಳುಹಿಸಿದರು.

ಹೀಗಿರುವಾಗ ಜೂನ್ ತಿಂಗಳಲ್ಲಿ ಹಳೆಯ ಪೆಟ್ಟಿಗೆಯ ತಳದಲ್ಲಿ ನಮ್ಮ ತಾಯಿಯವರ ಹೆಣಿಗೆಯ ಕಡ್ಡಿಗಳು ಸಿಕ್ಕಿದುವು: ಎಂಟನೆಯ ನಂಬರಿನದೊಂದು ಜೊತೆ, ಹತ್ತನೆಯ ನಂಬರಿನದೊಂದು ಜೊತೆ. ಈ ಹಳೆಯ ಲೆಕ್ಕದಲ್ಲಿ ನಂಬರು ದೊಡ್ಡದಾದಷ್ಟೂ ಕಡ್ಡಿಯು ತೆಳ್ಳಗಾಗುವುದು. ಎಂಟೆಂದರೆ 4 ಮಿಲಿಮೀಟರು, ಹತ್ತೆಂದರೆ ಮೂರೂಕಾಲು. ಅಂಚಿನ ಪಟ್ಟಿಗೆ ತೆಳ್ಳನೆಯದು, ಮೈಗೆ ದಪ್ಪನೆಯದು. ಯಜಮಾನರ ಅಳತೆಗೆ 112 ಕುಣಿಕೆಗಳನ್ನು ಎತ್ತಿಕೊಂಡು ಬೆನ್ನಿನ ಭಾಗವನ್ನು ಪ್ರಾರಂಭಿಸಿದೆವು. ಅಡಿಗೆ, ಅತ್ತೆಯವರ ಔಷಧಿ, ನಲ್ಲಿಯ ನೀರು, ಇವುಗಳ ನಡುವೆ ಬಿಡುವು ಸಿಕ್ಕಾಗ ಒಂದೆರಡು ಸಾಲು. ಒಂದು ಅರ್ಜಿಯನ್ನು ಕಳುಹಿಸಿದ ದಿನ ಹತ್ತು ಸಾಲು ಹೆಣೆಯಬೇಕೆಂದು ನಮಗೆ ನಾವೇ ನಿಯಮ ಮಾಡಿಕೊಂಡೆವು. ಅರ್ಜಿಗೆ ಉತ್ತರ ಬಾರದಿದ್ದರೂ ಹತ್ತು ಸಾಲು ಕಣ್ಣಮುಂದೆ ಇರುತ್ತಿದ್ದಿತಷ್ಟೆ. ಹೆಣಿಗೆಯನ್ನು ಬಲ್ಲ ಸೋದರಿಯರಿಗೆ ಒಂದು ಮಾತು ತಿಳಿದಿರುವುದು: ಮನಸ್ಸು ಬಿಗಿದಾಗ ಕೈಯೂ ಬಿಗಿಯುವುದು. ಆ ಬೆನ್ನಿನ ಭಾಗವನ್ನು ಬೆಳಕಿಗೆ ಹಿಡಿದರೆ ಯಾವ ವಾರ ಇಲ್ಲವೆಂಬ ಉತ್ತರ ಬಂದಿತೆಂಬುದನ್ನು ಇಂದಿಗೂ ನಾವು ತೋರಿಸಬಲ್ಲೆವು. ಅಲ್ಲೆಲ್ಲ ಕುಣಿಕೆಗಳು ಒಂದನ್ನೊಂದು ಹಿಸುಕಿಕೊಂಡಿವೆ.

“ಮೈಸೂರಿನ ಚಳಿಗೆ ಒಂದು ಶಾಲು ಸಾಲದೇನಮ್ಮ?” ಎಂದು ಅತ್ತೆಯವರು ಆಗಾಗ ಕೇಳುತ್ತಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಬೆನ್ನು, ಎದೆ, ಒಂದು ತೋಳು ಮುಗಿದು, ಅಳತೆ ನೋಡಲೆಂದು ಅವುಗಳನ್ನು ಜೋಡಿಸಿದ್ದಾಗ, ಉದಕಮಂಡಲದ ಒಂದು ವಸತಿಶಾಲೆಯಿಂದ ಸಂದರ್ಶನಕ್ಕೆ ಕರೆ ಬಂದಿತು.

ಬಂಡೀಪುರದ ಕಾಡಿನ ರಸ್ತೆಯನ್ನು 2009ರಿಂದ ರಾತ್ರಿ ಒಂಬತ್ತು ಘಂಟೆಯಿಂದ ಬೆಳಗಿನ ಆರರವರೆಗೆ ಮುಚ್ಚುವ ಕಟ್ಟಳೆಯಿರುವುದರಿಂದ ಬೆಳಗಿನ ಬಸ್ಸಿಗೇ ಹೊರಟೆವು. ನಂಜನಗೂಡು, ಗುಂಡ್ಲುಪೇಟೆಗಳವರೆಗೆ ರಸ್ತೆಯು ಸಮವಾಗಿದ್ದು ಎರಡನೆಯ ತೋಳು ನಾಲ್ಕು ಬೆರಳು ಬೆಳೆಯಿತು. ಕಾಡಿನಲ್ಲಿ ಜಿಂಕೆಗಳನ್ನು ನೋಡುವುದಕ್ಕೆ ಹೆಣಿಗೆಯನ್ನು ಬಿಟ್ಟೆವು. ಎಲ್ಲೆಯನ್ನು ದಾಟಿ ತೆಪ್ಪಕಾಡಿನಲ್ಲಿ ದಾರಿಯು ಎರಡಾಗುವುದು. ಮಸಿನಗುಡಿಯ ಕಡೆಯದು ಹತ್ತಿರದ್ದು, ಆದರೆ ಕಲ್ಹಟ್ಟಿಯ ಘಟ್ಟದಲ್ಲಿ 36 ಕಡಿದಾದ ತಿರುವುಗಳು. ನಮ್ಮ ಬಸ್ಸು ಸುತ್ತು ದಾರಿಯಾದ ಗೂಡಲೂರಿನ ಮೇಲೆ ಹೋಯಿತು. ಅಲ್ಲಿಯೂ ತಿರುವುಗಳಿಗೇನೂ ಬಡತನವಿಲ್ಲ. ಸಂದರ್ಶನದ ಅಂಜಿಕೆಯಿಂದ ಕೈ ಸುಮ್ಮನಿರಲಾರದೆ ಘಟ್ಟದಲ್ಲಿಯೂ ಹೆಣೆದೆವು. ಅದು ತಪ್ಪಾಯಿತು, ಆ ಮಾತು ಮುಂದೆ ಬರುವುದು.

ನಡುವಟ್ಟ, ಪೈಕಾರಗಳನ್ನು ದಾಟಿದ ಮೇಲೆ ಹುಲ್ಲುಗಾವಲಿನ ದಿಣ್ಣೆಗಳ ನಡುವೆ ಸ್ಯಾಂಡಿನಲ್ಲಾ ಎಂಬ ಸ್ಥಳವಿದೆ. ಅಲ್ಲಿ ಕುರಿಗಳ ತಳಿಯನ್ನು ಸಾಕಿ ಸಂಶೋಧಿಸುವ ಕೇಂದ್ರವುಂಟು. ಕೊಯಮತ್ತೂರಿನ ನಾಡಕುರಿಗೆ ಮೆರಿನೊ ಮೊದಲಾದ ಪರದೇಶದ ಟಗರುಗಳ ರಕ್ತವನ್ನು ಬೆರೆಸಿದುದರಿಂದ ಹುಟ್ಟಿದ ನೀಲಗಿರಿಯ ಕುರಿಯು ಮೃದುವಾದ ತುಪ್ಪಟಕ್ಕೆ ಹೆಸರಾದುದು. ನಮ್ಮ ಚಳ್ಳಕೆರೆಯ ಕಡೆಯ ಕಂಬಳಿಯ ಉಣ್ಣೆಯಾದರೋ ಒರಟು. ಮಳೆಗೆ ಗೊಪ್ಪೆ ಹಾಕಿಕೊಳ್ಳುವುದಕ್ಕೆ ಅದಕ್ಕೆ ಸಮನಾದುದಿಲ್ಲ, ಕುತ್ತಿಗೆಗೆ ತಗುಲಿದರೆ ಮಾತ್ರ ಚುಚ್ಚುವುದು. ಇದನ್ನೆಲ್ಲ ಯಜಮಾನರಿಗೆ ವಿವರಿಸುತ್ತಿದ್ದಾಗ, ನಮ್ಮ ಕೈಯಲ್ಲಿದ್ದುದು ಯಾವ ಕುರಿಯದೆಂದು ಅವರು ಕೇಳಿದರು. ಅಂಗಡಿಯವನ ಮಾತನ್ನು ನಂಬುವುದಾದರೆ ಅದು ಮುಕ್ಕಾಲು ಪಾಲು ಅಕ್ರಿಲಿಕ್ಕು. ಮಾತು ಅಲ್ಲಿಗೆ ನಿಂತಿತು.

ಅಚ್ಚುಕೂಟದ ಗಿರಾಕಿಯೊಬ್ಬರ ಮೂಲಕ ಊರ ಹೊರಗಿನ ಒಂದು ಬಡಗರ ಹಟ್ಟಿಯಲ್ಲಿ ನಮಗೆ ಬಿಡಾರವು ಒದಗಿದ್ದಿತು. ಬಡಗರೆಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರಿನ ಸೀಮೆಯಿಂದ, ಕೆಲವು ಶತಮಾನಗಳ ಹಿಂದೆ ಬೆಟ್ಟವನ್ನು ಹತ್ತಿ ನೆಲಸಿದವರೆಂಬುದು ಹೆಸರಿನಲ್ಲಿಯೇ ಇದೆ. ಅವರ ನುಡಿಯು ಕನ್ನಡಕ್ಕೆ ಅಕ್ಕತಂಗಿಯಂತಿರುವುದು. ತಮಿಳಿನ ‘ಪಾಲು’ ಅವರ ಮನೆಯಲ್ಲಿ ನಮ್ಮ ‘ಹಾಲೇ’, ಮನೆಯು ಮನೆಯೇ, 2,637 ಮೀಟರು ಎತ್ತರದ ಅಲ್ಲಿಯ ಹಿರಿಯ ಶಿಖರವು ‘ದೊಡ್ಡಬೆಟ್ಟ’. ಮನೆಯ ಅಜ್ಜಿಯು ತಮ್ಮ ಮಾತಿನಲ್ಲಿ, ನಾವು ನಮ್ಮ ಮಾತಿನಲ್ಲಿ, ಒಲೆಯ ಮುಂದೆ ಕುಳಿತು ರಾತ್ರಿ ಹತ್ತರವರೆಗೆ ಹರಟಿದೆವು. ಹತ್ತರಲ್ಲಿ ಎರಡು ಮಾತು ತಿಳಿಯದಿದ್ದರೆ ಕೈಸನ್ನೆಯಿದ್ದೇ ಇದ್ದಿತು.

ಆ ಅಜ್ಜಿಯೇ ತೋಳನ್ನು ಕೈಗೆ ತೆಗೆದುಕೊಂಡು, ಘಟ್ಟದಲ್ಲಿ ಜಾರಿಹೋಗಿದ್ದ ಕುಣಿಕೆಯೊಂದನ್ನು ಬೆರಳಿನಿಂದ ತೋರಿಸಿದವರು. ಅದರ ಮೇಲೆ ಆಗಲೇ ಹದಿನಾಲ್ಕು ಸಾಲುಗಳು ಎದ್ದಿದ್ದುವು. ಎಲ್ಲವನ್ನೂ ಬಿಚ್ಚಲು ನಾವು ಕಡ್ಡಿಯನ್ನು ಎಳೆಯಹೋದಾಗ ಅವರು ಕೈ ಹಿಡಿದು ತಡೆದರು. ಕ್ರೋಶಾ ಕಡ್ಡಿಯೊಂದನ್ನು ತಂದು, ಜಾರಿದ ಕುಣಿಕೆಯನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ಮೇಲಿನ ಎಳೆಗಳನ್ನು ಒಂದೊಂದಾಗಿ ಅದರೊಳಗಿಂದ ಎಳೆಯುತ್ತ, ಏಣಿ ಹತ್ತುವಂತೆ ಹದಿನಾಲ್ಕು ಮೆಟ್ಟಲು ಹತ್ತಿಸಿ ಕಡ್ಡಿಗೆ ಸೇರಿಸಿಬಿಟ್ಟರು. ಐದು ನಿಮಿಷವೂ ಹಿಡಿಯಲಿಲ್ಲ. ಇಪ್ಪತ್ತು ವರ್ಷಗಳಿಂದ ಇಂತಹ ತಪ್ಪಿಗೆ ಸಾಲುಸಾಲಾಗಿ ಬಿಚ್ಚುತ್ತಿದ್ದ ನಮಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಚಳಿಯು ಹಲ್ಲು ಕಡಿಸುವಂತಿದ್ದಿತು. ಯಜಮಾನರು ಒಂದು ತೋಳಿನ ಸ್ವೆಟರನ್ನೇ ತೊಟ್ಟು, ಮೇಲೆ ಕೋಟು ಹಾಕಿಕೊಂಡು, ಶಾಲೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಎರಡು ಘಂಟೆ ಕಾದರು. ಬಲಗೈ ಬೆಚ್ಚಗಿದ್ದಿತೆಂದೂ ಎಡಗೈ ಇದೆಯೋ ಇಲ್ಲವೋ ತಿಳಿಯಲಿಲ್ಲವೆಂದೂ ಆಮೇಲೆ ಹೇಳಿದರು. ಒಳಗೆ ನಮ್ಮನ್ನು ಪಾಠದ ವಿಷಯವಾಗಿ ಕೇಳಿದುದು ಸ್ವಲ್ಪ. ಹೆಣ್ಣುಮಕ್ಕಳ ವಸತಿಗೃಹದಲ್ಲಿಯೇ ವಾಸವಾಗಿರಬೇಕು, ಕುಟುಂಬಕ್ಕೆ ಸ್ಥಳವಿಲ್ಲ, ತಿಂಗಳಿಗೆ ಎರಡು ದಿನ ಮಾತ್ರ ಊರಿಗೆ ಹೋಗಬಹುದು, ಒಪ್ಪಿದರೆ ಜನವರಿಯಿಂದ ಕೆಲಸ, ವಾರದೊಳಗೆ ಉತ್ತರ ಬೇಕು. ಒಂದೂವರೆ ವರ್ಷ ಕಾದ ‘ಹೌದು’ ಎಂಬ ಮಾತು ಬಂದಾಗ ನಮಗೆ ಸಂತೋಷಕ್ಕಿಂತ ಮೊದಲು ಎಪ್ಪತ್ತೆಂಟು ವರ್ಷದ ಅತ್ತೆಯವರ ನೆನಪಾಯಿತು.

ಮಧ್ಯಾಹ್ನ ಸಸ್ಯೋದ್ಯಾನದ ಕಡೆಗೆ ನಡೆದೆವು. 1848ರಲ್ಲಿ ಪ್ರಾರಂಭವಾದ ಆ ತೋಟದ ಮರಗಳನ್ನು ವರ್ಣಿಸಿದವರು ಬೇಕಾದಷ್ಟು ಜನರಿದ್ದಾರೆ. ನಾವು ನಿಂತದ್ದು ಅದರ ಹತ್ತಿರದ ಟಿಬೆಟ್ಟಿನವರ ಅಂಗಡಿಸಾಲಿನಲ್ಲಿ. ಬಣ್ಣಬಣ್ಣದ ಸ್ವೆಟರುಗಳು ಸೂರಿನವರೆಗೆ ತೂಗಾಡುತ್ತಿದ್ದುವು. ಬಹುಪಾಲು ಲೂಧಿಯಾನದ ಕಾರ್ಖಾನೆಗಳಲ್ಲಿ ಯಂತ್ರದಿಂದ ಹೆಣೆದವು. ನಮ್ಮ ನೂಲಿನ ಬೆಲೆಗೇ ಅಲ್ಲಿ ಪೂರ್ಣ ಸ್ವೆಟರು, ಎರಡು ತೋಳುಗಳ ಸಮೇತ, ಸಿಕ್ಕುತ್ತಿದ್ದಿತು. ಯಜಮಾನರು ಅದನ್ನು ಮುಟ್ಟಿ ನೋಡಿದರು, ಕೊಳ್ಳಲಿಲ್ಲ. ಮುಂದೊಂದು ಅಂಗಡಿಯಲ್ಲಿ ತೋಡರ ಕಸೂತಿಯ ಶಾಲುಗಳಿದ್ದುವು. ಬಿಳಿಯ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರ. ತೋಡ ಹೆಂಗಸರು ಬಟ್ಟೆಯ ಮೇಲೆ ಗೆರೆಯನ್ನೆಳೆಯದೆ, ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಯೇ ಚಿತ್ರ ತೆಗೆಯುವರಂತೆ. 112ನ್ನು ಎಣಿಸುವುದರಲ್ಲಿ ಮೂರು ಸಲ ತಪ್ಪುವ ನಾವು ಅಲ್ಲಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು.

ಹಿಂದಿರುಗುವ ದಾರಿಯಲ್ಲಿ ಇಬ್ಬರೂ ಕೆಲಸದ ವಿಷಯವನ್ನು ಎತ್ತಲಿಲ್ಲ. ಗುಂಡ್ಲುಪೇಟೆಯ ಹತ್ತಿರ ತೋಳು ಮುಗಿಯಿತು. ಮನೆಯಲ್ಲಿ ಅತ್ತೆಯವರು ಎಲ್ಲವನ್ನೂ ಕೇಳಿ, “ಹೋಗಿ ಬಾರಮ್ಮ. ನನ್ನ ಕೈಕಾಲು ಇನ್ನೂ ಆಡುತ್ತವೆ. ಇವನಿಗೆ ಸಾರು ಮಾಡುವುದನ್ನು ಈಗಲಾದರೂ ಕಲಿಸುತ್ತೇನೆ” ಎಂದರು. ರಾತ್ರಿ ದೇವರ ಕೋಣೆಯಲ್ಲಿ ಅವರು ಕಣ್ಣೊರಸಿಕೊಂಡುದನ್ನು ನಾವು ಕಂಡೆವು, ಕಂಡೆವೆಂದು ಹೇಳಲಿಲ್ಲ.

ಜನವರಿಯಲ್ಲಿ ಬಸ್ ನಿಲ್ದಾಣದಲ್ಲಿ ಯಜಮಾನರು ಆ ಸ್ವೆಟರನ್ನು ಮಡಿಸಿ ನಮ್ಮ ಚೀಲಕ್ಕೇ ಹಾಕಿದರು. ನಿಮಗೆಂದು ಹೆಣೆದದ್ದೆಂದರೆ, ಮೈಸೂರಿನಲ್ಲಿ ಇದನ್ನು ತೊಟ್ಟರೆ ಜನ ನಕ್ಕಾರೆಂದರು. ಬೆಟ್ಟದಲ್ಲಿ ಹುಲ್ಲಿನ ಮೇಲಿನ ಇಬ್ಬನಿಯು ಹೆಪ್ಪುಗಟ್ಟುವ ಕಾಲ. ತೋಳುಗಳು ಮೂರು ಬೆರಳು ಉದ್ದವಾದುವು, ಮಡಿಸಿಕೊಂಡೆವು. ಮೊದಲನೆಯ ಭಾನುವಾರವೇ ಪೇಟೆಗೆ ಹೋಗಿ ಬೂದುಬಣ್ಣದ ನೂಲನ್ನು ತಂದು, ವಸತಿಗೃಹದ ಮಕ್ಕಳು ಮಲಗಿದ ಮೇಲೆ, ಮತ್ತೆ 112 ಕುಣಿಕೆಗಳನ್ನು ಎತ್ತಿಕೊಂಡೆವು. ಫೆಬ್ರವರಿಯಲ್ಲಿ ಎರಡು ದಿನದ ರಜೆಗೆ ಊರಿಗೆ ಹೋದಾಗ ಅತ್ತೆಯವರು ಅದನ್ನು ನೋಡಿ, “ಮೈಸೂರಿನ ಬೇಸಗೆಗೆ ಸರಿಯಾಗಿ ಮುಗಿಯುತ್ತದೆ ಬಿಡು” ಎಂದು ನಕ್ಕು, ಮಗನು ಮಾಡಿದ ಸಾರನ್ನು ನಮಗೆ ಬಡಿಸಿದರು.