ಮರೆಯಿಂದ ಬಂದ ಬಾಣ

ಬಹುಕಾಲದಿಂದ ಜನರು ಪ್ರೀತಿಸಿಕೊಂಡು ಬಂದ ಕಥಾನಾಯಕನೊಬ್ಬನು ಕಥೆ ಬೆಳೆದಂತೆಲ್ಲ ಕಠೋರನಾಗುತ್ತ ಹೋದರೆ, ಅವನಲ್ಲಿ ಭಕ್ತಿಯುಳ್ಳವರು ಏನು ಮಾಡಬೇಕು? ವರ್ಷಾನುವರ್ಷ ಮುಂದುವರಿಯುವ ವೈಜ್ಞಾನಿಕ ಕಥೆಗಳ ವೀರರನ್ನು ಕುರಿತು ನಮ್ಮ ವಿದ್ಯಾರ್ಥಿನಿಯರು ಮಧ್ಯಾಹ್ನದ ಬಿಡುವಿನಲ್ಲಿ ಹೀಗೆ ವಾದಿಸುವುದನ್ನು ನಾನು ಕೇಳಿದ್ದೇನೆ. ಇದು ತಮ್ಮ ಕಾಲದ ಹೊಸ ಪ್ರಶ್ನೆಯೆಂದು ಅವರ ಭಾವನೆ. ಆದರೆ ಕೊಪ್ಪ ತಾಲ್ಲೂಕಿನ ನಾರ್ವೆಯಲ್ಲಿ ಬೆಳೆದ ನನಗೆ ಈ ವಾದವು ಬಾಲ್ಯದಿಂದಲೇ ಪರಿಚಿತವಾದುದು; ಅಲ್ಲಿ ಅದರ ನಾಯಕನು ಶ್ರೀರಾಮನು.

ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟವನ್ನು ನಿಲ್ಲಿಸಿದ ಮೇಲೆ ನಮ್ಮ ಕಡೆ ತಾಳಮದ್ದಲೆಗೆ ಬಿಡುವು ದೊರೆಯುತ್ತದೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುವರು. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆ ಪದವನ್ನು ಸ್ವಂತ ಮಾತುಗಳಿಂದ ವಿಸ್ತರಿಸುವರು. ಪದಗಳು ಹಿಂದಿನ ಕವಿಯವು. ವಾದವು ಆ ರಾತ್ರಿಯದು. ಕುಂಬಳೆಯ ಪಾರ್ತಿಸುಬ್ಬನ ವಾಲಿಸುಗ್ರೀವರ ಪ್ರಸಂಗದಲ್ಲಿ, ಬಾಣ ತಗುಲಿ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವ ಸಂದರ್ಭ ಬಂದಿತೆಂದರೆ, ಗೋಡೆಗೊರಗಿ ತೂಕಡಿಸುತ್ತಿದ್ದ ಹಿರಿಯರೂ ನೆಟ್ಟಗಾಗುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಮಹಾ ಅರ್ಥಧಾರಿಗಳು ವಾಲಿಯ ಪಾತ್ರದಿಂದಲೂ ರಾವಣನ ಪಾತ್ರದಿಂದಲೂ ಕೀರ್ತಿ ಪಡೆದವರೆಂಬುದನ್ನು ಇಲ್ಲಿ ನೆನೆಯಬೇಕು.

ಈ ವಾದದ ಬೀಜವು ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೇ ಇದೆ. ಬೇರೊಬ್ಬನೊಡನೆ ಹೋರಾಡುತ್ತಿದ್ದ ತನ್ನನ್ನು ಮರೆಯಿಂದ ಹೊಡೆದುದು ಯಾವ ಧರ್ಮವೆಂದು ವಾಲಿಯು ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಅಪಹರಿಸಿದವನಿಗೆ ಇದು ರಾಜದಂಡನೆಯೆಂದೂ, ಮೃಗವನ್ನು ಮರೆಯಿಂದ ಬೇಟೆಯಾಡುವುದರಲ್ಲಿ ದೋಷವಿಲ್ಲವೆಂದೂ ರಾಮನ ಉತ್ತರ. ಮೃಗವಾದರೆ ಮನುಷ್ಯರ ನೀತಿಯಿಂದ ಅದನ್ನು ದಂಡಿಸುವುದು ಹೇಗೆ? ಮನುಷ್ಯನಂತೆ ಹೊಣೆಯುಳ್ಳವನಾದರೆ ಮರೆಯಿಂದ ಕೊಲ್ಲುವುದು ಹೇಗೆ? ಈ ಇಕ್ಕಟ್ಟಿನಲ್ಲಿಯೇ ಎಷ್ಟೋ ರಾತ್ರಿಗಳು ಬೆಳಗಾಗಿವೆ. ಕಥೆ ಮುಂದೆ ಸಾಗಿದಂತೆ ನೆರಳು ಇನ್ನೂ ದಟ್ಟವಾಗುತ್ತದೆ: ಯುದ್ಧಾನಂತರ ಸೀತೆಗೆ ಆಡಿದ ಕಟುನುಡಿ, ಗರ್ಭಿಣಿಯಾದ ಅವಳ ಪರಿತ್ಯಾಗ, ತಪಸ್ವಿಯಾದ ಶಂಬೂಕನ ವಧೆ. ಉತ್ತರಕಾಂಡವು ಅನಂತರ ಸೇರಿದುದೆಂದು ಅನೇಕ ವಿದ್ವಾಂಸರ ಮತ. ಆದರೂ ಜನರ ಮನಸ್ಸಿನಿಂದ ಅದನ್ನು ಬೇರ್ಪಡಿಸುವುದು ಸುಲಭವಲ್ಲ.

ನಮ್ಮ ಮೂರು ತಾಲ್ಲೂಕುಗಳೂ ಈ ವಿಚಾರದಲ್ಲಿ ಪಾಲುಳ್ಳವುಗಳು. ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗರ ದೇವಾಲಯವಿದೆ. ದಶರಥನಿಗೆ ಪುತ್ರಕಾಮೇಷ್ಟಿಯನ್ನು ನಡೆಸಿಕೊಟ್ಟವರು ಆ ಮುನಿಗಳೇ. ನರಸಿಂಹರಾಜಪುರದ ಸಿಂಹನಗದ್ದೆಯು ಜೈನಕ್ಷೇತ್ರ. ಜೈನಪರಂಪರೆಯಲ್ಲಿ ನಾಗಚಂದ್ರಕವಿಯು ಅನುಸರಿಸಿದ ಕಥೆಯಂತೆ, ವಾಲಿಯು ರಾಜ್ಯವನ್ನು ತಮ್ಮನಿಗೆ ಬಿಟ್ಟು ದೀಕ್ಷೆ ವಹಿಸುತ್ತಾನೆ. ರಾವಣನನ್ನು ಕೊಲ್ಲುವವನು ಲಕ್ಷ್ಮಣನು. ರಾಮನ ಕೈಗೆ ಕಲೆಯೇ ತಗುಲುವುದಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪುರವರು ಬೇರೊಂದು ದಾರಿ ಹಿಡಿದರು. ಅವರ 'ಶ್ರೀ ರಾಮಾಯಣ ದರ್ಶನಂ' ಕಾವ್ಯದಲ್ಲಿ ಸೀತೆಯೊಬ್ಬಳೇ ಬೆಂಕಿಯನ್ನು ಹೊಗುವುದಿಲ್ಲ, ರಾಮನೂ ಹೊಗುತ್ತಾನೆ. ಅವರ 'ಶೂದ್ರ ತಪಸ್ವಿ' ನಾಟಕದಲ್ಲಿ ಶಂಬೂಕನು ಸಾಯುವುದಿಲ್ಲ. ಪುರಾಣದ ಕಥೆಯನ್ನು ಹೀಗೆ ಮಾರ್ಪಡಿಸಬಹುದೆ ಎಂದು ಮಾಸ್ತಿಯವರು ಆಕ್ಷೇಪಿಸಿದರು; ಕುವೆಂಪುರವರು ಉತ್ತರವಿತ್ತರು. ಇಬ್ಬರೂ ಆ ಕಥೆಯನ್ನು ಬಲ್ಲವರು, ಪ್ರೀತಿಸಿದವರು.

ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಬಾಲಿಕೆಯರು ವಾಲಿಯ ಪ್ರಸಂಗವನ್ನು ಚರ್ಚಾಕೂಟಕ್ಕೆ ಆರಿಸಿಕೊಂಡರು. ಮರುದಿನವೇ ಒಬ್ಬ ತಾಯಿಯವರು ನನ್ನ ಕೊಠಡಿಗೆ ಬಂದರು. "ಅಮ್ಮಾ, ನಾವು ದಿನವೂ ದೀಪ ಹಚ್ಚಿ ಪೂಜಿಸುವವನನ್ನು ಅನ್ಯಧರ್ಮದವರ ಶಾಲೆಯಲ್ಲಿ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೆ?" ಎಂದು ಕೇಳಿದರು. ಧ್ವನಿಯಲ್ಲಿ ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು. ಆ ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಮಿಷನ್ ಶಾಲೆಯೊಂದು ಪರರ ಪೂಜ್ಯಭಾವವನ್ನು ಲಘುವಾಗಿ ಕಂಡಿತೆಂಬ ಮಾತು ಬಂದರೆ, ಪೋಷಕರು ನಮ್ಮಲ್ಲಿಟ್ಟ ವಿಶ್ವಾಸವೇ ಕುಸಿಯುವುದು. ಚರ್ಚೆಯನ್ನು ನಿಲ್ಲಿಸಿದರೆ, ಪೂಜ್ಯರಾದವರನ್ನು ಪ್ರಶ್ನಿಸಬಾರದೆಂಬ ಪಾಠವನ್ನು ಬಾಲಿಕೆಯರಿಗೆ ಕಲಿಸಿದಂತಾಗುವುದು. ಮುಂದೆ ಅವರು ಬಾಳಬೇಕಾದ ಮನೆಗಳಲ್ಲಿ ಆ ಪಾಠವು ಅವರಿಗೆ ಎಷ್ಟು ಕೇಡು ಮಾಡಬಹುದೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಆ ತಾಯಿಯವರಿಗೆ ನಾನು ಎರಡು ಮಾತು ಹೇಳಿದೆನು. ರಾಮಭಕ್ತರ ಜಗಲಿಗಳಲ್ಲಿಯೇ ಈ ವಿಚಾರಣೆಯು ತಲೆತಲಾಂತರದಿಂದ ನಡೆದುಬಂದಿದೆ; ಭವಭೂತಿಯ ನಾಟಕದಲ್ಲಂತೂ ರಾಮನ ಮಗನಾದ ಲವನೇ ತಂದೆಯೆಂದು ತಿಳಿಯದೆ ಅವನ ವಾಲಿವಧೆಯನ್ನು ಹಂಗಿಸುತ್ತಾನೆ. ಎರಡನೆಯದಾಗಿ, ನಮ್ಮ ಸತ್ಯವೇದದಲ್ಲಿಯೂ ಯೋಬನು ದೇವರೊಡನೆಯೇ ವಾದಕ್ಕೆ ನಿಂತಿದ್ದಾನೆ. ಅವನ ಮಾತುಗಳನ್ನು ನಾವು ಗ್ರಂಥದಿಂದ ತೆಗೆದುಹಾಕಿಲ್ಲ. ಬಳಿಕ ಅವರನ್ನೂ ಸಭೆಗೆ ಆಮಂತ್ರಿಸಿದೆನು.

ತಾಳಮದ್ದಲೆಯಿಂದಲೇ ಒಂದು ನಿಯಮವನ್ನು ಎರವಲು ತಂದೆವು. ಒಳ್ಳೆಯ ಅರ್ಥಧಾರಿಯು ಇಂದು ವಾಲಿಯಾದರೆ ನಾಳೆ ರಾಮನಾಗಬಲ್ಲನು. ಅದರಂತೆ ಮೊದಲ ವಾರ ವಾಲಿಯ ಪಕ್ಷದಲ್ಲಿ ಮಾತನಾಡಿದವಳು ಮುಂದಿನ ವಾರ ರಾಮನ ಪಕ್ಷವನ್ನು ವಹಿಸಬೇಕು. ಅತ್ಯಂತ ತೀಕ್ಷ್ಣವಾಗಿ ವಾದಿಸಿದ್ದ ಬಾಲಿಕೆಯು ಎರಡನೆಯ ವಾರ ಎದ್ದು ನಿಂತು, ಸೀತೆಯನ್ನು ಕಳೆದುಕೊಂಡವನ ಅವಸರವನ್ನೂ, ಸುಗ್ರೀವನಿಗೆ ಕೊಟ್ಟ ಮಾತಿನ ಭಾರವನ್ನೂ ಹೇಳುತ್ತ ಹೋದಳು. ಕೊನೆಗೆ, "ಇಷ್ಟೆಲ್ಲ ಇದ್ದರೂ ಅವನು ಎದುರಿಗೆ ಬರಬಹುದಾಗಿತ್ತು" ಎಂದು ಕುಳಿತಳು. ತಾರೆಯಾಗಿ ನಿಂತ ಮತ್ತೊಬ್ಬಳು, "ಹೋಗಬೇಡಿರೆಂದು ಮೊದಲೇ ಹೇಳಿದವಳು ನಾನು. ನಿಮ್ಮ ಧರ್ಮದಲ್ಲಿ ನನ್ನ ಮಾತಿಗೆ ಸ್ಥಾನವೆಲ್ಲಿ?" ಎಂದಾಗ ಸಭೆಯು ಸ್ತಬ್ಧವಾಯಿತು.

ಸಭೆ ಮುಗಿದ ಮೇಲೆ ಆ ತಾಯಿಯವರು ನನ್ನ ಬಳಿಗೆ ಬಂದು ಹೇಳಿದರು: "ನಮ್ಮ ಅಜ್ಜಿ ರಾಮಾಯಣವನ್ನು ಪಟ್ಟಾಭಿಷೇಕಕ್ಕೇ ಮುಗಿಸಿಬಿಡುತ್ತಿದ್ದರು. ಮುಂದಿನದನ್ನು ಮನೆಯಲ್ಲಿ ಓದಗೊಡುತ್ತಿರಲಿಲ್ಲ. ಯಾಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ." ಎಷ್ಟೋ ಮನೆಗಳಲ್ಲಿ ಈ ವಾಡಿಕೆಯುಂಟು. ಅಜ್ಜಿಯು ಪುಸ್ತಕವನ್ನು ಮುಚ್ಚಿದುದೂ ಒಂದು ಅಭಿಪ್ರಾಯವೇ ಆಗಿತ್ತೆಂದು ನನಗೆ ತೋರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಸ್ಥಳವು ಅವರಿಗಿರಲಿಲ್ಲ. ಮೊಮ್ಮಗಳ ಮಗಳಿಗೆ ಅದು ದೊರೆತಿದೆ.

ಪೋಷಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ನಿಮ್ಮ ಮಗಳು ತಾನು ಮೆಚ್ಚಿದ ನಾಯಕನ ನಡತೆಯನ್ನು ಪ್ರಶ್ನಿಸಿದರೆ, ಅವಳಿಗೆ ಭಕ್ತಿ ತಪ್ಪಿತೆಂದು ಅಂಜಬೇಡಿರಿ. ಎದುರುಪಕ್ಷದ ಮಾತನ್ನೂ ಅವಳಿಂದಲೇ ಹೇಳಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿದ್ದೀರಿ. ಉತ್ತರಕಾಂಡದ ಪುಟ ಬಂದಾಗ ಪುಸ್ತಕವನ್ನು ಮುಚ್ಚಬೇಡಿರಿ. ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಮುಂದಕ್ಕೆ ಓದಿರಿ.