ಎಲ್‌ಸಿ ವಾಪಸ್ ಬಂತಾ?

1986ರಲ್ಲಿ ನಾನು ಕೆಇಬಿಗೆ, ಅಂದರೆ ಕರ್ನಾಟಕ ವಿದ್ಯುತ್ ಮಂಡಳಿಗೆ, ಕಿರಿಯ ಸಹಾಯಕನಾಗಿ ಸೇರಿದಾಗ ಶಿಕಾರಿಪುರದ ನಮ್ಮ ಕಚೇರಿಗೆಲ್ಲ ಇದ್ದದ್ದು ಒಂದೇ ಫೋನು. ಕಪ್ಪು ಬಣ್ಣದ್ದು, ಬೆರಳು ತೂರಿಸಿ ತಿರುಗಿಸುವಂಥದ್ದು. ಎಂಜಿನಿಯರ್ ಸಾಹೇಬರ ಮೇಜಿನ ಮೇಲಿರುತ್ತಿತ್ತು. ಗಾಳಿ ಮಳೆ ಶುರುವಾದರೆ ಅದೂ ಸತ್ತಿರುತ್ತಿತ್ತು. ನಮ್ಮ ತಂತಿಯ ಮೇಲೆ ಬಿದ್ದ ಮರ ಟೆಲಿಫೋನ್ ತಂತಿಯನ್ನೂ ಎಳೆದುಕೊಂಡೇ ಬಿದ್ದಿರುತ್ತಿತ್ತು. ಊರಿಗೆ ಕರೆಂಟಿನ ಸುದ್ದಿ ಬೇಕಾಗುತ್ತಿದ್ದದ್ದು ಅಂಥ ದಿನಗಳಲ್ಲೇ.

ಆ ಸುದ್ದಿ ಮನುಷ್ಯರ ಬಾಯಿಯಿಂದಲೇ ಹೋಗುತ್ತಿತ್ತು. ಲೈನ್‌ಮನ್ ಸೈಕಲ್ಲಿಗೆ ಹಗ್ಗ, ಕಟಿಂಗ್ ಪ್ಲೇಯರ್, ಫ್ಯೂಸ್ ವೈರಿನ ಸುರುಳಿ ಕಟ್ಟಿಕೊಂಡು ಹೊರಟವನು ಹೋಟೆಲಿನ ಮುಂದೆ ಒಂದು ಕಾಲು ಊರಿ, ‘ಈಸೂರು ಕಡೆ ಕಂಬ ಬಿದ್ದೈತ್ರಿ, ರಾತ್ರಿ ತನಕ ಆಸೆ ಇಟ್ಕಬ್ಯಾಡ್ರಿ’ ಎಂದು ಹೇಳಿ ಹೋದರೆ ಅದೇ ಪ್ರಕಟಣೆ. ಮೀಟರ್ ರೀಡರ್ ತಿಂಗಳಿಗೊಮ್ಮೆ ಪ್ರತಿ ಮನೆಯ ಜಗಲಿ ಹತ್ತುತ್ತಿದ್ದ; ಯಾರ ಮೀಟರ್ ಓಡುತ್ತಿಲ್ಲ, ಯಾರ ಮನೆಯಲ್ಲಿ ದೀಪ ಮಂಕು ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಕ್ಯಾಶ್ ಕೌಂಟರಿನ ಕಿಂಡಿಯಲ್ಲಿ ದುಡ್ಡಿಗಿಂತ ಮಾತು ಹೆಚ್ಚು ಓಡಾಡುತ್ತಿತ್ತು. ಹುಚ್ಚರಾಯಸ್ವಾಮಿ ತೇರಿನ ದಿನ ಬೀದಿಗೆ ಅಡ್ಡ ಹೋದ ತಂತಿ ಬಿಚ್ಚಬೇಕಾದರೆ ಹಿಂದಿನ ದಿನವೇ ಆಟೋಗೆ ಮೈಕ್ ಕಟ್ಟಿಸಿ ಕೂಗಿಸುತ್ತಿದ್ದರು. ಕಚೇರಿ ಬಾಗಿಲಲ್ಲಿ ಒಂದು ಕಪ್ಪು ಹಲಗೆ, ಒಳಗೆ ಒಂದು ದೂರು ಪುಸ್ತಕ. ಅಷ್ಟೇ.

ಅದು ಒಳ್ಳೆಯ ಕಾಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಸೊರಬದ ಕಾಡಂಚಿನ ಊರಿನಲ್ಲಿ ತಂತಿ ಕಡಿದು ಬಿದ್ದರೆ ನಮಗೆ ತಿಳಿಯುವುದು ಮರುದಿನ ಬೆಳಗಿನ ಬಸ್ಸಿನಲ್ಲಿ ಬಂದವರಿಂದ. ಫೀಡರ್ ಟ್ರಿಪ್ ಆಯಿತು ಎಂದು ಸ್ಟೇಷನ್ ಆಪರೇಟರಿಗೆ ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಇಬ್ಬರು ಲೈನ್‌ಮನ್‌ಗಳು ಟಾರ್ಚ್ ಹಿಡಿದು ಗದ್ದೆ ಬದು, ಹಳ್ಳ, ಅಕೇಶಿಯಾ ತೋಪು ದಾಟಿ ಕಂಬದಿಂದ ಕಂಬಕ್ಕೆ ನಡೆದು ನೋಡಬೇಕು. ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಅಲ್ಲಿ ಹುಟ್ಟಿದ ಕರೆಂಟು ದೂರದ ಊರುಗಳಿಗೆ ಹೋಗುತ್ತಿದ್ದಾಗ ಪಕ್ಕದ ಸೊರಬದ ಹಳ್ಳಿಗಳು ಚಿಮಣಿ ದೀಪದಲ್ಲಿದ್ದವು. ಹೋದ ಕರೆಂಟು ಯಾವಾಗ ಬರುತ್ತದೆ ಎಂದು ಯಾರೂ ಹೇಳದೆ ಇಡೀ ರಾತ್ರಿ ಕಾಯಿಸುವುದೂ ಕತ್ತಲೆಯೇ.

ದೊಡ್ಡ ಕೆಲಸವಿದ್ದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ವಿದ್ಯುತ್ ವ್ಯತ್ಯಯ’ ಎಂಬ ನಾಲ್ಕು ಸಾಲು ಬರುತ್ತಿತ್ತು. ಆ ಸಾಲುಗಳನ್ನು ಬರೆದು ಕಳಿಸುತ್ತಿದ್ದವನು ಬಹಳ ವರ್ಷ ನಾನೇ. ‘ತುರ್ತು ಕಾಮಗಾರಿ ಪ್ರಯುಕ್ತ ಎಫ್-4 ಮಾರ್ಗದಿಂದ ಸರಬರಾಜಾಗುವ ಪ್ರದೇಶಗಳಲ್ಲಿ’ ಎಂದು ಬರೆಯುತ್ತಿದ್ದೆ. ಎಫ್-4 ಎಂದರೆ ಯಾವುದೆಂದು ಉಡುಗಣಿಯ ರೈತನಿಗೆ ಹೇಗೆ ಗೊತ್ತಾಗಬೇಕು? ಅವನು ಕೇಳುವುದು ಕೆರೆ ಏರಿ ಕೆಳಗಿನ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ತ್ರೀಫೇಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು. ಕೆರೆ ಏರಿ ಕೆಳಗಿನ ಟಿಸಿ ಯಾವುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಲೈನ್‌ಮನ್ ನನ್ನ ಕಿಟಕಿಯಾಚೆ ಬೀಡಿ ಸೇದುತ್ತ ಕೂತಿರುತ್ತಿದ್ದ. ಅವನನ್ನು ಕರೆದು ಕೇಳಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಪ್ರಕಟಣೆ ಬರೆಯುವುದು ಗುಮಾಸ್ತರ ಕೆಲಸ, ಕಂಬ ಹತ್ತುವುದು ಲೈನ್‌ಮನ್ ಕೆಲಸ ಎಂದು ನಾವು ನಾವೇ ಗೆರೆ ಎಳೆದುಕೊಂಡಿದ್ದೆವು.

1999ರ ಆಗಸ್ಟ್‌ನಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು. 2002ರ ಜೂನ್‌ನಲ್ಲಿ ವಿತರಣೆ ಬೇರೆಯಾಗಿ, ಮಂಗಳೂರು ಕೇಂದ್ರವಾದ ಮೆಸ್ಕಾಂಗೆ ನಮ್ಮ ಶಿವಮೊಗ್ಗ ಜಿಲ್ಲೆ ಸೇರಿತು. ಬೋರ್ಡು ಹೋಗಿ ಕಂಪನಿಯಾಯಿತು. ಜನ ಮಾತ್ರ ಈಗಲೂ ಕೆಇಬಿ ಎಂದೇ ಅನ್ನುತ್ತಾರೆ.

ಅದಕ್ಕೂ ಮೊದಲಿನಿಂದಲೇ ನಮ್ಮ ಕಿಂಡಿಯ ಮುಂದೆ ಆಗುತ್ತಿದ್ದ ಬದಲಾವಣೆಯನ್ನು ಯಾರೂ ಬರೆದಿಟ್ಟಂತಿಲ್ಲ. ಸೊರಬದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಟ್ಟರು. 2008ರಲ್ಲಿ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರ ಸರ್ಕಾರವೂ ಅದನ್ನೇ ಸಾರಿತು. ರೈತನಿಗೆ ಅದರಿಂದ ಉಸಿರಾಡುವಂತಾಯಿತು, ಅದು ನಿಜ. ಆದರೆ ಬಿಲ್ಲಿಲ್ಲದ ಮೇಲೆ ಅವನು ಕಚೇರಿಗೆ ಬರುವುದು ನಿಂತಿತು. ಬಂದಾಗ ಆಡುತ್ತಿದ್ದ ಮಾತೂ ನಿಂತಿತು. ಮನೆ ಬಿಲ್ಲುಗಳು ಕ್ರಮೇಣ ಮೊಬೈಲಿನಲ್ಲೇ ಕಟ್ಟುವಂತಾದವು. ಕಿಂಡಿ ಖಾಲಿಯಾಗುತ್ತ ಬಂದು, ಕೊನೆಗೆ ಕಚೇರಿಗೂ ಊರಿಗೂ ನಡುವೆ ಉಳಿದದ್ದು 1912 ಎಂಬ ಸಹಾಯವಾಣಿ ಮತ್ತು ಪವರ್‌ಮ್ಯಾನ್‌ನ ಮೊಬೈಲ್ ನಂಬರು. ಲೈನ್‌ಮನ್ ಆ ಹೊತ್ತಿಗೆ ಪವರ್‌ಮ್ಯಾನ್ ಆಗಿದ್ದ.

ವಾಟ್ಸ್‌ಆ್ಯಪ್ ಗುಂಪು ಕಟ್ಟುವ ಮಾತು ಬಂದಾಗ ನಾನು ವರ್ಗವಾಗಿ ಸೊರಬದಲ್ಲಿದ್ದೆ. ಒಂದು ಗುಂಪಿಗೆ 100 ಜನರ ಮಿತಿ ಇದ್ದದ್ದು 2016ರಲ್ಲಿ 256ಕ್ಕೆ ಏರಿತ್ತು. ಕನ್ನಡ ಬೇಗ ಟೈಪ್ ಮಾಡುವವನು ಎಂದು ಕೆಲಸ ನನ್ನ ಪಾಲಿಗೆ ಬಂತು. ನಾನು ಮಾಡಿದ್ದು ಹಳೆಯದನ್ನೇ: ಪತ್ರಿಕೆಗೆ ಕಳಿಸುತ್ತಿದ್ದ ಸಾಲುಗಳನ್ನೇ ಫೋನಿನಲ್ಲಿ ಹಾಕುತ್ತ ಹೋದೆ. ಕಚೇರಿಯಲ್ಲಿ ಉಳಿದವರಿಗೆ ಅದು ನನ್ನ ಕೆಲಸ, ಅವರದ್ದಲ್ಲ. ನಾನೂ ಯಾರನ್ನೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಲೈನ್ ಕೆಲಸ ನಡೆದಿತ್ತು. ಕರೆಂಟ್ ಯಾವಾಗ, ಯಾವಾಗ ಎಂದು ಗುಂಪಿನಲ್ಲಿ ಹತ್ತಾರು ಪ್ರಶ್ನೆ. ಅಂದಾಜಿನ ಮೇಲೆ ‘ಸಂಜೆ 5ಕ್ಕೆ ಬರುತ್ತದೆ’ ಎಂದು ಹಾಕಿದೆ. ಕೆಲಸ ಬೇಗ ಮುಗಿಯಿತು. ಮೂರೂವರೆಗೆ ಲೈನ್ ಚಾರ್ಜ್ ಆಯಿತು. ಆ ಲೈನಿನ ಒಬ್ಬ ರೈತರು, ಐದರವರೆಗೆ ಹೊತ್ತಿದೆಯಲ್ಲ ಎಂದು, ಮೇನ್ ಸ್ವಿಚ್ಚನ್ನೂ ತೆಗೆಯದೆ ಪಂಪಿನ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ ಕೂತಿದ್ದರು. ಕೈ ಸುಟ್ಟಿತು. ಜೀವ ಉಳಿಯಿತು.

ಮೂರು ದಿನ ಬಿಟ್ಟು ಅವರು ಕಚೇರಿಗೆ ಬಂದರು. ಬಲಗೈಗೆ ಬ್ಯಾಂಡೇಜು. ಎಡಗೈಯಲ್ಲಿ ಫೋನು ಹಿಡಿದು ನನ್ನ ಮುಂದೆ ಚಾಚಿದರು.

‘ಇದು ನೀವು ಬರ್ದಿದ್ದಾ ಸಾರ್?’

‘ಹೌದು.’

‘ಯಾರನ್ನ ಕೇಳಿ ಬರ್ದ್ರಿ?’

ಅವರು ಕೂಗಾಡಲಿಲ್ಲ. ದೂರು ಕೊಡಲೂ ಇಲ್ಲ. ಮೇನ್ ತೆಗೆಯದೆ ಇದ್ದದ್ದು ತಮ್ಮ ತಪ್ಪು ಎಂದೂ ಹೇಳಿದರು. ಆದರೆ ಯಾರನ್ನು ಕೇಳಿ ಬರೆದೆ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ನನ್ನೊಬ್ಬನದೇ. ಈಗಲೂ ಹಾಗೇ ಹೇಳುತ್ತೇನೆ.

ಆ ಸಂಜೆ ಸ್ಟೇಷನ್ನಿಗೆ ಹೋಗಿ ಆಪರೇಟರ್ ಪಕ್ಕ ಕೂತೆ. ಮೂವತ್ತು ವರ್ಷ ಅದೇ ಇಲಾಖೆಯ ಅನ್ನ ತಿಂದಿದ್ದೆ. ಎಲ್‌ಸಿ ಪುಸ್ತಕವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮೊದಲು ಕೆಲಸದವರು ಆಪರೇಟರ್‌ನಿಂದ ಅದನ್ನು ಪಡೆಯಬೇಕು. ಅವನು ಲೈನ್ ಆಫ್ ಮಾಡಿ, ಹೊತ್ತು, ಹೆಸರು ಬರೆದುಕೊಳ್ಳುತ್ತಾನೆ. ಕೆಲಸ ಮುಗಿದು, ಎಲ್ಲರೂ ಇಳಿದು, ಅರ್ತಿಂಗ್ ತೆಗೆದು, ಪಡೆದವನೇ ಎಲ್‌ಸಿ ವಾಪಸ್ ಮಾಡಬೇಕು. ಒಂದೇ ಫೀಡರಿನ ಮೇಲೆ ಮೂರು ಕಡೆ ಕೆಲಸವಿದ್ದರೆ ಮೂರು ಎಲ್‌ಸಿ. ಮೂರೂ ವಾಪಸ್ ಬರುವತನಕ ಸಾಹೇಬರೇ ಫೋನ್ ಮಾಡಿದರೂ ಸ್ವಿಚ್ ಮುಟ್ಟುವಂತಿಲ್ಲ. ಅಂದರೆ ಕರೆಂಟು ಬರುವುದು ಗಡಿಯಾರ ನೋಡಿ ಅಲ್ಲ, ಕೊನೆಯ ಮನುಷ್ಯ ಕಂಬದಿಂದ ಇಳಿದಾಗ. ಇದು ಗೊತ್ತಿದ್ದವನು ಆಪರೇಟರ್. ಬರೆಯುತ್ತಿದ್ದವನು ನಾನು.

ಮರುವಾರ ಜೂನಿಯರ್ ಎಂಜಿನಿಯರ್ ಸಾಹೇಬರು ಎಲ್ಲರನ್ನೂ ಕೂರಿಸಿದರು. ಅಂದಿನಿಂದ ಗುಂಪಿನಲ್ಲಿ ಬರೆಯುವವರು ಒಬ್ಬರಿದ್ದದ್ದು ಐದಾರು ಜನರಾದರು. ಎಲ್‌ಸಿ ವಿಷಯ ಆಪರೇಟರ್ ಮಾತ್ರ ಹಾಕಬೇಕು, ಗಂಟೆ ಹೇಳಬಾರದು, ಎಷ್ಟು ಎಲ್‌ಸಿ ಬಾಕಿ ಎಂದು ಹೇಳಬೇಕು. ಕೆಲಸ ಎಲ್ಲಿ ಎಂದು ಪವರ್‌ಮ್ಯಾನ್ ಹೇಳಬೇಕು, ಅದೂ ನೆಲದ ಮೇಲೆ ನಿಂತು. ಅವನಿಗೆ ಟೈಪಿಂಗ್ ಬರುವುದಿಲ್ಲವೆಂದರೆ ಬಾಯಿಯಲ್ಲೇ ಹೇಳಿ ಧ್ವನಿ ಕಳಿಸಲಿ. ಟಿಸಿ ಸುಟ್ಟರೆ ಬದಲಿ ಟಿಸಿ ಇದೆಯೋ ಇಲ್ಲವೋ ಎನ್ನುವುದು ಸ್ಟೋರ್ ಕೀಪರ್ ಬಾಯಿಂದಲೇ ಬರಲಿ. ಅದಕ್ಕೂ ಮೊದಲು ನಾವೆಲ್ಲ ‘ನಾಳೆ’ ಎನ್ನುತ್ತಿದ್ದೆವು, ಟಿಸಿ ರಿಪೇರಿ ಸೆಂಟರಿನಲ್ಲಿ ಸಾಲಿನಲ್ಲಿ ನಿಂತಿರುತ್ತಿತ್ತು. ಬಿಲ್ಲಿನ ಪ್ರಶ್ನೆಗೆ ಮೀಟರ್ ರೀಡರ್ ಮತ್ತು ಕ್ಯಾಶಿಯರ್. ನನ್ನ ಪಾಲಿಗೆ ಉಳಿದದ್ದು ಕಾಗುಣಿತ ತಿದ್ದುವುದು, ಬರೆಯಲು ಹಿಂಜರಿಯುವವರ ಪಕ್ಕ ಕೂರುವುದು.

ಹಿಂಜರಿಕೆ ಬಹಳ ಇತ್ತು. ತಪ್ಪು ಬರೆದರೆ ನೋಟಿಸ್ ಬರುತ್ತದೇನೋ ಎಂಬ ಭಯ ಪವರ್‌ಮ್ಯಾನ್‌ಗಳಿಗೆ. ಸಾಹೇಬರಿರುವ ಗುಂಪಿನಲ್ಲಿ ನಾವು ಮಾತಾಡುವುದಾ ಎಂಬ ಸಂಕೋಚ ಮೀಟರ್ ರೀಡರ್‌ಗೆ. ಆದರೆ ಮೊದಲ ವಾರ ಒಬ್ಬ ಪವರ್‌ಮ್ಯಾನ್ ಕಳಿಸಿದ ಧ್ವನಿ ನನಗೆ ಇಂದಿಗೂ ನೆನಪಿದೆ: ‘ದಂಡಾವತಿ ಹೊಳೆ ಈಚೆ ಹಲಸಿನ ಮರದ ಹತ್ರ ಜಂಪ್ ಕಟ್ಟಾಗಿದೆ, ಹಾಕ್ತಿದೀವಿ, ಆಚೆ ಊರಿಗೆ ಏನೂ ತೊಂದ್ರೆ ಇಲ್ಲ.’ ಎಫ್-4 ಇಲ್ಲ, ಕಾಮಗಾರಿ ಇಲ್ಲ, ಪ್ರಯುಕ್ತ ಇಲ್ಲ. ಅದನ್ನು ಕೇಳಿದ ಮೇಲೆ ಆ ದಿನ ಒಂದು ಮರುಪ್ರಶ್ನೆಯೂ ಬರಲಿಲ್ಲ. ಮೂವತ್ತು ವರ್ಷ ನಾನು ಬರೆದ ಪ್ರಕಟಣೆಗಳಲ್ಲಿ ಒಂದೂ ಅಷ್ಟು ಸ್ಪಷ್ಟವಾಗಿರಲಿಲ್ಲ.

ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪನ್ನು ಮುಚ್ಚುವ ಸೌಲಭ್ಯ 2018ರಲ್ಲಿ ಬಂತು. ಬೈಗುಳ, ಶುಭೋದಯದ ಹೂಗಳು, ರಾಜಕೀಯ ಎಲ್ಲ ನಿಲ್ಲುತ್ತದೆಂದು ಮುಚ್ಚೋಣ ಎಂದವನು ನಾನು. ಹಿರಿಯ ಪವರ್‌ಮ್ಯಾನ್ ಒಬ್ಬರು ಒಪ್ಪಲಿಲ್ಲ. ‘ಮುಚ್ಚಿದ್ರೆ ಬೈಯೋದು ನಿಲ್ತದೆ ಸಾರ್. ತಂತಿ ಬಿದ್ದದೆ ಅಂತ ಹೇಳೋದೂ ನಿಲ್ತದೆ. ರಾತ್ರಿ ಲೈನ್ ಹುಡುಕ್ತಾ ನಡೆಯೋರು ನಾವು’ ಎಂದರು. ಗುಂಪು ತೆರೆದೇ ಉಳಿಯಿತು. ಉಳವಿ ಕಡೆಯಿಂದ, ಚಂದ್ರಗುತ್ತಿ ಕಡೆಯಿಂದ ಜನ ಕಳಿಸಿದ ಫೋಟೋಗಳು ಎಷ್ಟೋ ರಾತ್ರಿಗಳ ನಡಿಗೆಯನ್ನು ತಪ್ಪಿಸಿವೆ. ಅದರಿಂದ ಇನ್ನೊಂದು ಅಪಾಯ ಹುಟ್ಟಿತು: ಕಡಿದ ತಂತಿಯ ಫೋಟೋ ತೆಗೆಯಲು ಹುಡುಗರು ಹತ್ತಿರ ಹೋಗತೊಡಗಿದರು. ಒದ್ದೆ ನೆಲದಲ್ಲಿ ತಂತಿ ಮುಟ್ಟದಿದ್ದರೂ ಹೆಜ್ಜೆಯಿಂದ ಹೆಜ್ಜೆಗೆ ಶಾಕ್ ಹೊಡೆಯುತ್ತದೆ. ‘ಕನಿಷ್ಠ 10 ಮೀಟರ್ ದೂರ ನಿಲ್ಲಿ, ಫೋಟೋ ಬೇಡ, ಕಂಬದ ಗುರುತು ಹೇಳಿ ಸಾಕು’ ಎಂಬ ಮಾತನ್ನು ಪ್ರತಿ ಮಳೆಗಾಲ ಹೇಳಿಸಬೇಕಾಯಿತು. ಇದನ್ನು ಆ ಪವರ್‌ಮ್ಯಾನ್ ಹೇಳಿದಾಗ ಕೇಳಿದಷ್ಟು ನಾನು ಬರೆದಾಗ ಜನ ಕೇಳಲಿಲ್ಲ.

ನನ್ನ ಸೇವೆ ಮುಗಿದದ್ದು 2023ರ ಜುಲೈನಲ್ಲಿ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ನೂಕುನುಗ್ಗಲಿನ ನಡುವೆ. ಜೂನ್ 18ರಿಂದ ಸೇವಾಸಿಂಧುವಿನಲ್ಲಿ ನೋಂದಣಿ ಶುರುವಾಗಿತ್ತು. ಜನರಿಗೆ ಬಾಯಿಪಾಠವಿದ್ದದ್ದು ಆರ್‌ಆರ್ ನಂಬರು. ಅರ್ಜಿ ಕೇಳುತ್ತಿದ್ದದ್ದು ಅಕೌಂಟ್ ಐಡಿ. ಖಾಲಿಯಾಗಿದ್ದ ಕಿಂಡಿಯ ಮುಂದೆ ಮತ್ತೆ ಸಾಲು. ಜೊತೆಗೆ ಸುಳ್ಳು ಲಿಂಕುಗಳು ಓಡಾಡುತ್ತಿದ್ದವು. ಒಬ್ಬ ಮೀಟರ್ ರೀಡರ್ ಹುಡುಗ ತನ್ನ ಮಿಷನ್‌ನಿಂದ ಬಂದ ಬಿಲ್ಲೊಂದರ ಫೋಟೋ ತೆಗೆದು, ಗ್ರಾಹಕರ ಹೆಸರು ಮರೆಮಾಡಿ, ಅಕೌಂಟ್ ಐಡಿಗೆ ಕೆಂಪು ಸುತ್ತು ಹಾಕಿ ಕಳಿಸಿದ. ಶಿಕಾರಿಪುರದ ಗೆಳೆಯರಿಗೆ ನಾನದನ್ನು ದಾಟಿಸಿದೆ. ಅಲ್ಲಿಂದ ಶಿರಾಳಕೊಪ್ಪಕ್ಕೆ ಹೋಯಿತು. ಸಂಜೆಗೆ ಎರಡೂ ಕಡೆ ಸಾಲು ಇಳಿಯಿತು. ಮಂಗಳೂರಿನ ಕೇಂದ್ರ ಕಚೇರಿ ನಾಲ್ಕು ಜಿಲ್ಲೆಗೆ ಒಟ್ಟಾಗಿ ಹೇಳಬೇಕಾದ್ದನ್ನು ಹೇಳುತ್ತದೆ. ಜನ ಬಿಲ್ಲಿನ ಯಾವ ಮೂಲೆಯಲ್ಲಿ ಎಡವುತ್ತಾರೆ ಎಂಬುದು ಜಗಲಿ ಹತ್ತಿದವನಿಗೇ ಗೊತ್ತು.

ಇದರಲ್ಲಿ ನನ್ನ ಮನಸ್ಸಿಗೆ ಇನ್ನೂ ಸರಿ ಅನ್ನಿಸದ ಒಂದು ಸಂಗತಿಯಿದೆ. ದೂರು ಪುಸ್ತಕವನ್ನು ಸಂಜೆ ಮುಚ್ಚಬಹುದಿತ್ತು. ಪವರ್‌ಮ್ಯಾನ್‌ನ ಫೋನು ಮುಚ್ಚುವುದಿಲ್ಲ. ಹಗಲೆಲ್ಲ ಕಂಬ ಹತ್ತಿ ಬಂದವನು ರಾತ್ರಿ ಎರಡಕ್ಕೆ ‘ಕರೆಂಟ್ ಹೋತು’ ಎಂಬುದಕ್ಕೆ ಉತ್ತರಿಸಬೇಕು, ಮರುದಿನ ಮತ್ತೆ ಲೈನಿನ ಮೇಲೆ ಕೈಯಿಡಬೇಕು. ನಿದ್ದೆಗೆಟ್ಟವನ ಕೈಗೆ ತಂತಿ ಕ್ಷಮೆ ಕೊಡುವುದಿಲ್ಲ. ಎಲ್ಲ ವಿಭಾಗದವರೂ ಮಾತಾಡಲಿ ಎನ್ನುವ ಯಾವ ಕಂಪನಿಯೇ ಇರಲಿ, ಆ ಮಾತಿಗೂ ಪಾಳಿ ಹಾಕಬೇಕು, ಅದನ್ನೂ ಕೆಲಸವೆಂದು ಹಾಜರಿ ಪುಸ್ತಕದಲ್ಲಿ ಎಣಿಸಬೇಕು. ನಾವು ಆರು ಜನ ವಾರಕ್ಕೊಬ್ಬರಂತೆ ರಾತ್ರಿ ಪಾಳಿ ಹಂಚಿಕೊಂಡಿದ್ದೆವು, ಕ್ಯಾಶಿಯರ್ ಕೂಡ. ಅದು ನಮ್ಮೊಳಗಿನ ಒಪ್ಪಂದವಷ್ಟೇ. ಒಬ್ಬರಿಗೆ ವರ್ಗವಾದರೆ ಮುರಿಯುವಂಥದ್ದು. ಹಾಗೇ ಮುರಿದದ್ದೂ ಇದೆ.

ಈಗ ಸೊರಬದಲ್ಲೇ ಮನೆ. ಗುಂಪಿನಲ್ಲಿ ಇದ್ದೇನೆ, ಗ್ರಾಹಕನಾಗಿ. ಕಳೆದ ಮಳೆಗಾಲದ ಒಂದು ರಾತ್ರಿ ಎಂಟರ ಹೊತ್ತಿಗೆ ಗಾಳಿ ಎದ್ದು ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಪವರ್‌ಮ್ಯಾನ್ ಒಬ್ಬನ ಧ್ವನಿ ಬಂತು, ಹಿಂದೆ ಮಳೆಯ ಸದ್ದು. ಎಲ್ಲೆಲ್ಲಿ ಮರ ಬಿದ್ದಿದೆ ಎಂದು ಮೂರು ಗುರುತು ಹೇಳಿದ. ಹತ್ತೂವರೆಗೆ ಆಪರೇಟರ್ ಬರೆದ: ‘ಎರಡು ಎಲ್‌ಸಿ ವಾಪಸ್. ಒಂದು ಬಾಕಿ.’

ಒಳಗಿನಿಂದ ಹೆಂಡತಿ ಕೇಳಿದಳು, ‘ಎಷ್ಟು ಹೊತ್ತಿಗೆ ಬರ್ತದಂತೆ?’

‘ಇನ್ನೊಬ್ಬ ಇಳೀಬೇಕು’ ಎಂದೆ.