ಮೂರು ಗಂಟುಗಳ ದಾರ

ಶನಿಯ ಬಳೆಯನ್ನು ದೂರದರ್ಶಕದಲ್ಲಿ ಮೊದಲ ಸಲ ಕಂಡ ರಾತ್ರಿ, ನಿದ್ರೆಯೇ ಬಾರದೆ, ಹೊನ್ನಾವರದ ನಮ್ಮ ಮನೆಯ ಜಗುಲಿಯ ಮೇಲೆ ಬೆಳಗಿನವರೆಗೂ ಕುಳಿತಿದ್ದವನು ನಾನು. ಆದರೂ ಆಕಾಶವನ್ನು ಅಳೆಯುವ ಉಪಕರಣಗಳ ಪೈಕಿ ನನ್ನ ಮನಸ್ಸನ್ನು ಸಂಪೂರ್ಣವಾಗಿ ಸೂರೆಗೊಂಡದ್ದು ಗಾಜಾಗಲಿ ಲೋಹವಾಗಲಿ ಇಲ್ಲದ, ಒಂದು ಪುಟ್ಟ ಹಲಗೆಯೂ ಅದರ ನಡುವಿನ ರಂಧ್ರದಲ್ಲಿ ಕೋದ ಒಂದು ದಾರವೂ ಮಾತ್ರವಾಗಿರುವ ಸಾಧನ.

ಅರಬ್ಬೀ ನಾವಿಕರು ಇದನ್ನು ಕಮಾಲ್ ಎಂದು ಕರೆದರು. ದಾರದ ಗಂಟೊಂದನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಷ್ಟು ದೂರಕ್ಕೆ ಹಲಗೆಯನ್ನು ಚಾಚಿ, ಅದರ ಕೆಳಯಂಚನ್ನು ಕಡಲು ಬಾನುಗಳು ಕೂಡುವ ರೇಖೆಗೆ ಹೊಂದಿಸಿದಾಗ, ಮೇಲಂಚಿನಲ್ಲಿ ಧ್ರುವನು ಬಂದು ಕುಳಿತನಾದರೆ, ಆ ಗಂಟು ಯಾವ ಬಂದರಿನದೋ ಆ ಬಂದರಿನ ಅಕ್ಷಾಂಶವನ್ನು ಹಡಗು ಮುಟ್ಟಿತೆಂದು ಅರ್ಥ; ಇನ್ನು ಪೂರ್ವಕ್ಕೆ ನೇರವಾಗಿ ಸಾಗಿದರೆ ದಡ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ನೌಕಾಶಾಸ್ತ್ರವನ್ನು ಬರೆದಿಟ್ಟ ಅಹ್ಮದ್ ಇಬ್ನ್ ಮಾಜಿದನು ನಕ್ಷತ್ರದ ಎತ್ತರವನ್ನು ಇಸ್ಬಾಗಳಲ್ಲಿ ಎಣಿಸುತ್ತಾನೆ. ಇಸ್ಬಾ ಎಂದರೆ ಬೆರಳು. ನಮ್ಮ ಅಂಗುಲವೂ ಬೆರಳೇ ಅಲ್ಲವೆ? ವಿಜಯನಗರದ ಅರಸರಿಗೆಂದು ಕುದುರೆಗಳನ್ನು ಹೊತ್ತು ಭಟ್ಕಳ ಹೊನ್ನಾವರಗಳಿಗೆ ಬರುತ್ತಿದ್ದ ಹಡಗುಗಳ ಕಾಲದ ಈ ವಿದ್ಯೆಯನ್ನು ನೆನೆದಾಗಲೆಲ್ಲ, ನಮ್ಮೂರಿಗೂ ಒಂದು ಗಂಟು ಸಲ್ಲಬೇಕೆಂಬ ಹಂಬಲ ನನ್ನನ್ನು ಕಾಡುತ್ತಿತ್ತು.

ಕುಮಟೆಯ ಗುಡಿಗಾರರೊಬ್ಬರು ಆರು ಅಂಗುಲ ಎತ್ತರದ ಹಲಸಿನ ಹಲಗೆಯೊಂದನ್ನು ಕೊರೆದು, ಉಜ್ಜಿ, ನುಣುಪುಗೊಳಿಸಿ ಕೊಟ್ಟರು. ಲೆಕ್ಕ ಹಾಕಿದೆ. ಹೊನ್ನಾವರದ ಅಕ್ಷಾಂಶ ಹದಿನಾಲ್ಕೂ ಕಾಲು ಅಂಶಕ್ಕಿಂತ ತುಸು ಹೆಚ್ಚು. ಅದಕ್ಕೆ ಬೇಕಾದ ದಾರ ಸರಿಯಾಗಿ 24 ಅಂಗುಲ. ಹಲಗೆಯ ಎತ್ತರದ ನಾಲ್ಕು ಪಟ್ಟು! ನಮ್ಮೂರಿನ ಆಕಾಶವು ಇಷ್ಟು ಸರಳವಾದ ಪ್ರಮಾಣದಲ್ಲಿ ಅಡಗಿದೆಯೆಂದು ಕಂಡಾಗಿನ ನನ್ನ ಹರ್ಷವನ್ನು ಹೇಗೆ ಬಣ್ಣಿಸಲಿ! ಭಟ್ಕಳದ ಗಂಟು ಅರ್ಧ ಅಂಗುಲ ಆಚೆ. ಕುಮಟೆಯದು ಕಾಲು ಅಂಗುಲದಷ್ಟು ಈಚೆ. ಭಟ್ಕಳದಿಂದ ಹೊರಟು ಶರಾವತಿಯನ್ನು ದಾಟಿ ಕುಮಟೆಯನ್ನು ಸೇರುವ ಪಯಣದಲ್ಲಿ ಧ್ರುವನು ಮೇಲೇರುವುದು ಅರ್ಧ ಅಂಶಕ್ಕೂ ಕಡಿಮೆ, ಎಂದರೆ ಹುಣ್ಣಿಮೆಯ ಚಂದ್ರಬಿಂಬದ ಅಗಲದಷ್ಟೂ ಇಲ್ಲ. ಅಷ್ಟರೊಳಗೆ ಮೂರು ಊರುಗಳು!

ಆದರೆ ಧ್ರುವನು ಹೆಸರಿಗೆ ತಕ್ಕಂತೆ ಅಚಲನಲ್ಲ. ಇಬ್ನ್ ಮಾಜಿದನ ಕಾಲದಲ್ಲಿ ಅವನು ನಿಜವಾದ ಧ್ರುವಬಿಂದುವಿನಿಂದ ಸುಮಾರು ಮೂರೂವರೆ ಅಂಶ ದೂರದಲ್ಲಿದ್ದನು; ಈಗ ಆ ಅಂತರ ಒಂದು ಅಂಶಕ್ಕಿಂತ ಕಡಿಮೆಯಾಗಿದ್ದರೂ, ದಿನಕ್ಕೊಮ್ಮೆ ಅವನು ಆ ಬಿಂದುವನ್ನು ಸುತ್ತುವ ಕಿರುವೃತ್ತವು ನನ್ನ ಮೂರೂ ಗಂಟುಗಳನ್ನು ನುಂಗಿಬಿಡುವಷ್ಟು ದೊಡ್ಡದು. ಆದ್ದರಿಂದ ಅವನು ಬಿಂದುವಿಗೆ ಮೇಲೂ ಅಲ್ಲದೆ ಕೆಳಗೂ ಅಲ್ಲದೆ ಪಕ್ಕದಲ್ಲಿ ಸಮನಾಗಿ ನಿಲ್ಲುವ ಗಳಿಗೆಯನ್ನು ಹುಡುಕಬೇಕು. ಇದಕ್ಕೆ ಬೇಕಾದದ್ದು ತಿರುಗುವ ನಕ್ಷತ್ರಫಲಕ. ನಾನು ಹಿಂದೆ ಕೊಂಡಿದ್ದ ಫಲಕವು ಲಂಡನ್ನಿನ ಅಕ್ಷಾಂಶಕ್ಕೆ ರಚಿತವಾದದ್ದು; ಅದರಲ್ಲಿ ಧ್ರುವನು ನಡುಬಾನಿನತ್ತ ಏರಿ ನಿಂತಿದ್ದಾನೆ, ದಕ್ಷಿಣದ ತ್ರಿಶಂಕು ನಕ್ಷತ್ರಪುಂಜಕ್ಕಂತೂ ಉದಯವೇ ಇಲ್ಲ. ರಟ್ಟನ್ನು ಕತ್ತರಿಸಿ ನಮ್ಮ ಹದಿನಾಲ್ಕು ಅಂಶಕ್ಕೆ ಹೊಸದನ್ನು ಮಾಡಿಕೊಂಡೆ, ಉತ್ತರಕ್ಕೊಂದು ಮುಖ, ದಕ್ಷಿಣಕ್ಕೊಂದು ಮುಖ. ನಮ್ಮ ಗಡಿಯಾರಗಳು ಎಂಬತ್ತೆರಡೂವರೆ ರೇಖಾಂಶದ ಕಾಲವನ್ನು ತೋರಿಸುವುದರಿಂದ ಹೊನ್ನಾವರದ ನಿಜಕಾಲಕ್ಕೆ 32 ನಿಮಿಷ ಕಳೆಯಬೇಕು. ಎಲ್ಲವನ್ನೂ ಹೊಂದಿಸಿದಾಗ ಫಲಕವು ತೋರಿದ ಗಳಿಗೆ ಮಾರ್ಚ್ 25ರ ರಾತ್ರಿ ಒಂಬತ್ತೂವರೆ.

ಚಂದ್ರನಿಲ್ಲದ ಅಂಥ ಒಂದು ರಾತ್ರಿ, ಪರಿಚಯದ ತಾಂಡೇಲರೊಬ್ಬರ ದೋಣಿಯಲ್ಲಿ ಅಳಿವೆಯನ್ನು ದಾಟಿ, ತೀರದ ಗುಡ್ಡಗಳು ಉತ್ತರದ ಅಂಚನ್ನು ಬಿಟ್ಟುಕೊಡುವಷ್ಟು ದೂರ ಹೋದೆವು. ಟಾರ್ಚಿಗೆ ಕೆಂಪು ಕಾಗದವನ್ನು ಸುತ್ತಿ, ಕಣ್ಣು ಕತ್ತಲೆಗೆ ಒಗ್ಗಲೆಂದು ಅರ್ಧ ಗಂಟೆ ಸುಮ್ಮನೆ ಕುಳಿತೆ. ಈಶಾನ್ಯದಲ್ಲಿ ಸಪ್ತರ್ಷಿಗಳು ಏರಿ ಬಂದಿದ್ದರು. ಹತ್ತು ಸಲ ಅಳೆದೆ. ದೋಣಿಯ ಓಲಾಟದಲ್ಲಿ ಮೂರು ಸಲ ಭಟ್ಕಳ, ಎರಡು ಸಲ ಕುಮಟೆ, ಐದು ಸಲ ಹೊನ್ನಾವರ! ಬಾಯಲ್ಲಿ ದಾರದ ಉಪ್ಪುರುಚಿ, ಎದೆಯಲ್ಲಿ ಹಿಡಿಸಲಾರದ ಸಂತೋಷ.

ತಾಂಡೇಲರು ಕಮಾಲನ್ನು ಕೇಳಿ ತೆಗೆದುಕೊಂಡು, ಕ್ಷಣಕಾಲ ಉತ್ತರವನ್ನು ನೋಡಿ, ಬಳಿಕ ತಿರುಗಿ ನೈಋತ್ಯದಲ್ಲಿ ಪ್ರಜ್ವಲಿಸುತ್ತಿದ್ದ ಅಗಸ್ತ್ಯನತ್ತ ಹಲಗೆಯನ್ನು ಚಾಚಿದರು. “ಅಲ್ಲಾ ಮಾಸ್ತರೇ, ಇದೂ ಅದೇ ಗಂಟಿಗೇ ಬಂತಲ್ರಾ!” ನಾನು ಅವರಿಂದ ದಾರವನ್ನು ತೆಗೆದುಕೊಂಡು ಕಚ್ಚಿ ನೋಡಿದೆ. ನಿಜ, ಆ ಗಳಿಗೆಯಲ್ಲಿ ಉತ್ತರದ ಧ್ರುವನೂ ದಕ್ಷಿಣದ ಅಗಸ್ತ್ಯನೂ ನಮ್ಮ ಕಡಲಿನ ಮೇಲೆ ಸಮಾನ ಎತ್ತರದಲ್ಲಿದ್ದರು. ಲೆಕ್ಕದ ಹಾಳೆಗಳಲ್ಲಿ ತಿಂಗಳುಗಟ್ಟಲೆ ಮುಳುಗಿದ್ದ ನನಗೆ ಅದು ಹೊಳೆದಿರಲಿಲ್ಲ. ಒಂದು ಗಂಟೆಯ ತರುವಾಯ, ಮರಳುವ ಮುನ್ನ, ಇನ್ನೊಮ್ಮೆ ಅಳೆದೆವು: ಅಗಸ್ತ್ಯನು ಹಲಗೆಯ ಅರ್ಧಕ್ಕೆ ಇಳಿದಿದ್ದನು, ಧ್ರುವನು ಮೇಲಂಚಿನಲ್ಲಿಯೇ ಇದ್ದನು, ಭಟ್ಕಳದ ಕಡೆಯಲ್ಲಿ ತ್ರಿಶಂಕು ನೀರನ್ನು ಬಿಟ್ಟು ಮೇಲೇರತೊಡಗಿದ್ದನು.